ಜಮಖಾನದ ಕೆಳಗಿನ ಜಂಗು

ಪಂಚಮಿ ಮುಗಿದ ಮುಂದಿನ ವಾರ, ಒಂದು ಬುಧವಾರ ಬೆಳಿಗ್ಗೆ ಏಳಕ್ಕೆ ನಾವು ತಿರ್ಲಾಪುರ ಬಿಟ್ಟೆವು. ಜೀಪಿನಲ್ಲಿ ಒಟ್ಟು ಐದು ಜೀವ. ಸ್ಟೇರಿಂಗ್ ಹಿಡಿದವರು ನಮ್ಮ ಮನೆಯವರು. ಅವರ ಬಾಜು ನನ್ನ ಮಾವ ಚನಬಸಪ್ಪನವರು, ಬೆತ್ತದ ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕುಳಿತಿದ್ದರು. ಹಿಂದೆ ಎದುರುಬದುರಾಗಿ ಎರಡು ಉದ್ದನೆಯ ಸೀಟು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನಾದಿನಿ ಗಿರಿಜಾ, ಅವಳ ಉಡಿಯಲ್ಲಿ ಐದು ತಿಂಗಳ ಕೂಸು. ಗಿರಿಜಾ ಚೊಚ್ಚಲ ಬಾಣಂತನ ಮುಗಿಸಿ, ತವರಿನ ಪಂಚಮಿಯನ್ನೂ ಉಂಡು, ಕಲಘಟಗಿಯ ಗಂಡನ ಮನೆಗೆ ಹೊರಟಿದ್ದಳು. ಅವಳನ್ನೂ ಕೂಸನ್ನೂ ಅಲ್ಲಿಗೆ ಮುಟ್ಟಿಸಿ ಬರುವುದು ನಮ್ಮ ಪ್ರಯಾಣದ ಕೆಲಸ. ಅತ್ತೆ ಬಾಗಿಲಲ್ಲಿ ನಿಂತು ನೀರು ಚೆಲ್ಲಿದರು, ನಾವು ಹೊರಟೆವು. ಇದು ಎಂಬತ್ತರ ದಶಕದ ನಡುವಿನ ಮಾತು. ಆಗ ನಮ್ಮೂರಿನಲ್ಲಿ ಜೀಪು ಅಂತ ಇದ್ದದ್ದು ಮಾವನವರದು ಒಂದೇ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹುಟ್ಟಾ ಅಂಜುಬುರುಕಿ. ಬಾವಿಯ ಹಗ್ಗವನ್ನು ಮೂರು ಸಲ ಜಗ್ಗಿ ನೋಡದೆ ಕೊಡ ಇಳಿಸುವವಳಲ್ಲ. ಬಸ್ಸಿನಲ್ಲಿ ಬಾಗಿಲ ಹತ್ತಿರವೇ ಕೂರಬೇಕು. ಮದುವೆಯಾದ ಹೊಸತರಲ್ಲಿ ಒಮ್ಮೆ ಹಳ್ಳ ದಾಟುವಾಗ ಹೆದರಿ ಚಕ್ಕಡಿಯಿಂದ ಇಳಿದುಬಿಟ್ಟಿದ್ದೆ. ಇಳಿದು ನೋಡಿದರೆ ನೀರು ಪಾದದ ಹರಡಿಗೂ ಬರುತ್ತಿರಲಿಲ್ಲ. ಆ ಕತೆಯನ್ನು ಮಾವನವರು ಬಂದ ಬೀಗರಿಗೆಲ್ಲ ಹೇಳುತ್ತಿದ್ದರು. 'ನಮ್ಮ ಸೊಸಿ ಹಗ್ಗ ಕಂಡ್ರೂ ಹಾವಂತ ಶರಣು ಅಂದ ದಾಟತಾಳ' ಎಂದು ನಗುತ್ತಿದ್ದರು. ನನ್ನೆದುರಿಗೆ ಮಾತ್ರ ಅವರು ಏನನ್ನೂ ನೇರ ಹೇಳಿದವರಲ್ಲ. ನನಗೆ ಮುಟ್ಟಿಸಬೇಕಾದ ಮಾತನ್ನು ಮಗನಿಗೋ ಅತ್ತೆಗೋ ಹೇಳುತ್ತಿದ್ದರು. ನಾನು ನವಲಗುಂದದ ಸಾಲೆಯಲ್ಲಿ ನಲವತ್ತು ಮಕ್ಕಳನ್ನು ಅಂಜಿಸುವ ಅಕ್ಕೋರು. ಮನೆಗೆ ಬಂದರೆ ಬಾಗಿಲ ಹಿಂದೆ ನಿಂತು ಮಾತನಾಡುವ ಸೊಸೆ.

ಜೀಪಿನ ವಿಷಯಕ್ಕೆ ಬರುತ್ತೇನೆ. ಹನ್ನೊಂದು ವರ್ಷದ ಹಿಂದೆ ಮಾವನವರು ಅದನ್ನು ಹರಾಜಿನಲ್ಲಿ ಹಿಡಿದಿದ್ದರು. ನಮ್ಮ ಎರೆ ನೆಲದಲ್ಲಿ ಮಳೆಗಾಲಕ್ಕೆ ಬೇರೆ ಗಾಡಿಗಳು ಹುಗಿದು ಕೂರುವಾಗ ಇದೊಂದೇ ಹೊಲದ ದಾರಿಯಲ್ಲೂ ಎದ್ದು ಬರುತ್ತಿತ್ತು. ದಸರೆಗೊಮ್ಮೆ ಹಸಿರು ಬಣ್ಣ, ಸೋಮವಾರಕ್ಕೊಮ್ಮೆ ಜಳಕ. ಆ ಜಳಕವನ್ನು ಅವರು ಆಳಿಗೆ ಬಿಡುತ್ತಿರಲಿಲ್ಲ. ಧೋತರ ಮೇಲೆ ಕಟ್ಟಿ ಹಿತ್ತಲ ಬಾವಿಯಿಂದ ಹನ್ನೆರಡು ಕೊಡ ನೀರು ತಾವೇ ಸೇದಿ, ಹೊರಗಷ್ಟೇ ಅಲ್ಲ, ಒಳಗೆ ಕಾಲಿಡುವ ತಳವನ್ನೂ ಸೀಟಿನ ಸಂದಿಯನ್ನೂ ದೇವರ ಜಗಲಿ ತೊಳೆದ ಹಾಗೆ ತೊಳೆಯುತ್ತಿದ್ದರು. ಆಮೇಲೆ ವಿಭೂತಿ, ಊದಿನಕಡ್ಡಿ. ತಳದ ನೀರು ಆರುವ ಮುಂಚೆಯೇ ನವಲಗುಂದದ ದಪ್ಪ ಜಮಖಾನವನ್ನು ಎರಡು ಮಡಿಕೆ ಮಾಡಿ ಹಾಸುತ್ತಿದ್ದರು. ಪೂಜೆಯಾದ ಮೇಲೆ ಗಾಡಿಯ ತಳ ಬರಿದಾಗಿ ಇರಬಾರದಂತೆ. ನಮ್ಮ ಕಡೆಯ ಬಾವಿ ನೀರು ಬಲ್ಲವರಿಗೆ ಗೊತ್ತು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಕುಡಿಯುವ ಸಿಹಿನೀರನ್ನು ಕೆರೆಯಿಂದ ತಲೆಯ ಮೇಲೆ ಹೊತ್ತು ತರಬೇಕು. ಅದನ್ನು ಗಾಡಿಗೆ ಸುರಿಯುವಷ್ಟು ಹುಚ್ಚರು ಯಾರೂ ಇಲ್ಲ. ಸವಳು ನೀರಿನ ಕೊಡ ಎತ್ತಿ ಕೊಟ್ಟವಳು ಎಷ್ಟೋ ಸೋಮವಾರ ನಾನೇ.

ನವಲಗುಂದ ಮುಟ್ಟಿದಾಗ ಎಂಟು ಗಂಟೆ. ಜಿಟಿಜಿಟಿ ಮಳೆ. ಬೀಗರಿಗೆ ಕೊಡಲು ಹೇಳಿ ನೇಯಿಸಿದ್ದ ಹೊಸ ಜಮಖಾನವನ್ನು ಅಮೀನಾಬಿಯ ಮನೆಯಿಂದ ತೆಗೆದುಕೊಳ್ಳುವುದಿತ್ತು. ಅಮೀನಾಬಿಯ ತಾಯಿ, ಅಜ್ಜಿ ಎಲ್ಲರೂ ನೇಯುತ್ತಿದ್ದವರು. ಅವಳ ಮಗಳು ನನ್ನ ವರ್ಗದಲ್ಲಿ ಓದುತ್ತಿದ್ದಳು. ಕೆಂಪು ನೆಲದ ಮೇಲೆ ಹಳದಿ ನವಿಲು, ನಡುವೆ ಪಗಡೆಯ ಹಾಸು. ಅದನ್ನು ಸುರುಳಿ ಸುತ್ತಿ ಹೊತ್ತು ತಂದ ಅಮೀನಾಬಿ ಜೀಪಿನ ಹಿಂದೆ ಬಂದು ನಿಂತವಳು, ಒಳಗೆ ಹಾಸಿದ್ದನ್ನು ಕಂಡು ಹಿಗ್ಗಿದಳು.

"ಶಾಂತಾ ಅಕ್ಕೋರ, ಇದು ನಮ್ಮವ್ವ ನೇಯ್ದಿದ್ದು ನೋಡ್ರಿ. ಅಂಚು ನೋಡಿದ್ರ ಗೊತ್ತಾಗತೈತಿ," ಎಂದು ಅಂಚನ್ನು ಹಿಡಿದೆತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. "ಹಸಿ ಐತಲ್ರಿ ಇದು. ಯಾವಾಗ ತೊಳದಿದ್ರಿ?"

"ಸೋಮವಾರ," ಎಂದೆ.

"ಇವತ್ತು ಬುಧವಾರ ಬಂತು. ಜಮಖಾನ ಹಸಿ ಇಡಬಾರದ್ರಿ, ಕೊಳೀತೈತಿ."

ನಾನು ಬಗ್ಗಿ ನೋಡಿದೆ. ಜಮಖಾನದ ಕೆಳಬದಿ ಬಣ್ಣವೇ ಇರಲಿಲ್ಲ, ಬರೀ ಕಂದು, ತುಕ್ಕಿನ ಜಂಗು. ಅದಕ್ಕೆ ಕಬ್ಬಿಣದ ಸಿಪ್ಪೆಗಳು ಅಂಟಿಕೊಂಡಿದ್ದವು. ಅಲ್ಲಲ್ಲಿ ಬಿಳಿಯ ಪುಡಿ. ನಮ್ಮ ಗಡಿಗೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ. ಇನ್ನೂ ನೋಡಬೇಕೆನ್ನುವಷ್ಟರಲ್ಲಿ ಮಾವನವರು ಮುಂದಿನಿಂದ, "ಹಾಸಿದ್ದನ್ನ ಯಾಕ ಕೆದರ್ತೀರಿ? ಹೊತ್ತಾತು, ಹೋಗೂಣು," ಅಂದರು. ಅಮೀನಾಬಿ ಅಂಚು ಬಿಟ್ಟಳು.

ನೇರ ಹುಬ್ಬಳ್ಳಿಗೆ ಹೋಗುವ ಬದಲು ನಾವು ಅಣ್ಣಿಗೇರಿಯ ದಾರಿ ಹಿಡಿದೆವು. ಕೂಸನ್ನು ಅಲ್ಲಿಯ ದೇವರ ಮುಂದೆ ಮಲಗಿಸುವ ಹರಕೆ ಇತ್ತು. ಹನ್ನೆರಡು ಮೈಲಿಯ ದಾರಿ, ಮಳೆಗೆ ಕಿತ್ತು ಹೋಗಿತ್ತು. ಎರಡೂ ಕಡೆ ಹೆಸರು, ಹತ್ತಿ, ಕರಿ ನೆಲ. ಜೀಪು ತಗ್ಗಿಗೆ ಇಳಿದಾಗೊಮ್ಮೆ ನನ್ನ ಕಾಲ ಕೆಳಗೆ ತಳ ಮೆಲ್ಲಗೆ ಉಸಿರಾಡಿದ ಹಾಗೆ ಏರಿ ಇಳಿಯುತ್ತಿತ್ತು. ಮೊದಲೂ ಹೀಗೇ ಇತ್ತೋ ಏನೋ, ಅಮೀನಾಬಿ ಅಂಚು ಎತ್ತಿದ ಮೇಲೆ ನನಗೆ ಅದೊಂದೇ ಗೊತ್ತಾಗುತ್ತಿತ್ತು. ತಡೆಯಲಾಗದೆ ಕಾಲಿನ ಹೆಬ್ಬೆರಳಿನಿಂದ ಜಮಖಾನದ ತುದಿ ಸರಿಸಿದೆ. ಅಂಗೈಯಗಲ ತೂತು. ತೂತಿನೊಳಗೆ ದಾರಿ ಓಡುತ್ತಿತ್ತು.

ಒಂದು ಕೈಯಿಂದ ಮೇಲಿನ ಸರಳು ಹಿಡಿದುಕೊಂಡು ಎದುರಿಗೆ ನೋಡಿದೆ. ಗಿರಿಜಾ ಕೂಸಿನ ಕುಂಚಿಗೆ ಸರಿ ಮಾಡುತ್ತ ಏನೋ ಗುನುಗುತ್ತಿದ್ದಳು. ಅವಳ ಸೀಟಿನ ಕಾಲುಗಳು ಅದೇ ತಳದ ಮೇಲೆ ನಿಂತಿದ್ದವು.

"ಇಲ್ಲಿ ಕೇಳ್ರಿ, ತಳ ತೂತ ಬಿದ್ದೈತಿ," ಎಂದು ನಮ್ಮ ಮನೆಯವರ ಬೆನ್ನಿಗೆ ಹೇಳಿದೆ.

"ಇರಲಿ ಬಿಡ, ಗಾಳಿ ಬರತೈತಿ," ಎಂದರು ಅವರು. ಮಾವನವರು ನಕ್ಕರು. "ಹಳ್ಳ ಬಂತಂತ ನೋಡಪಾ, ಗಾಡಿ ನಿಂದರಸು, ನಿನ್ನ ಹೇಣ್ತಿ ಇಳೀತಾಳೇನ ಕೇಳು," ಎಂದು ಮಗನಿಗೆ ಹೇಳಿದರು. ಗಿರಿಜಾಳೂ ನಕ್ಕಳು. ಅಂಜಿದವರ ಮೇಲೆ ಕಪ್ಪೆ ಎಸೆದರು ಅಂತಾರಲ್ಲ, ಹಾಗೆ. ಹತ್ತು ಸಲ ಸುಳ್ಳೇ ಅಂಜಿದವಳಿಗೆ ಹನ್ನೊಂದನೆಯ ಸಲ ಹೇಳುವ ಬಾಯಿ ಇರುವುದಿಲ್ಲ.

ಸ್ವಲ್ಪ ದೂರ ಹೋಗುವುದರಲ್ಲಿ ದೊಡ್ಡ ತಗ್ಗು ಬಂತು. ಜೀಪು ಜಿಗಿಯಿತು. ಬೀಗರ ಮನೆಗೆಂದು ಕಟ್ಟಿದ್ದ ಪಂಚಮಿ ಉಂಡಿಗಳ ಬುಟ್ಟಿ ವಾಲಿ, ಒಂದು ಶೇಂಗಾ ಉಂಡಿ ಉರುಳಿಕೊಂಡು ಗಿರಿಜಾಳ ಸೀಟಿನ ಕೆಳಗೆ ಹೋಯಿತು. ಎತ್ತಿಕೊಳ್ಳೋಣವೆಂದು ಬಗ್ಗಿದೆ. ಉಂಡಿ ಇರಲಿಲ್ಲ. ಆ ಮೂಲೆಯಲ್ಲೂ ಬೆಳಕು ಕಾಣುತ್ತಿತ್ತು. ತಲೆ ಎತ್ತಿ ಹಿಂದಿನ ದಾರಿ ನೋಡಿದೆ. ನಾವು ದಾಟಿ ಬಂದ ತಗ್ಗಿನ ಬಾಜು, ಕರಿ ಕೆಸರಿನ ಮೇಲೆ, ನಮ್ಮ ಮನೆಯ ಉಂಡಿ ಕುಳಿತಿತ್ತು.

ಆಮೇಲೆ ಅಣ್ಣಿಗೇರಿ ಬರುವವರೆಗೆ ನಾನು ಏನನ್ನೂ ನೋಡಲಿಲ್ಲ. ಕೂಸಿನ ಎರಡು ಕಾಲುಗಳನ್ನು ನೋಡುತ್ತ ಕುಳಿತೆ. "ಕೂಸನ್ನ ನನ್ನ ಕೈಗೆ ಕೊಡು, ನಿನಗ ಸಾಕಾಗಿರಬೇಕು," ಎಂದು ಎರಡು ಸಲ ಕೇಳಿದೆ. ಗಿರಿಜಾ ಕೊಡಲಿಲ್ಲ. ಕೊಟ್ಟಿದ್ದರೂ ನಾನೇನು ಮಾಡುತ್ತಿದ್ದೆ? ನನ್ನ ಸೀಟಿನ ಕೆಳಗೂ ಅದೇ ತಳ ಇತ್ತು.

ಗುಡಿಯಲ್ಲಿ ಕೂಸನ್ನು ಮಲಗಿಸಿ ಎತ್ತಿದೆವು. ಹಳೆಯ ಕಲ್ಲಿನ ಗುಡಿ, ಕಂಬಗಳು ಮಳೆಗೆ ತಣ್ಣಗಾಗಿದ್ದವು. ನಾನು ಕೈಮುಗಿದು ಏನು ಬೇಡಿಕೊಂಡೆನೆಂದು ಹೇಳಬೇಕಾಗಿಲ್ಲ. ಮಾವನವರಿಗೆ ಅಲ್ಲಿ ಕಾಳಿನ ಅಡತಿ ಅಂಗಡಿಯ ಗುರುತಿನವರು ಸಿಕ್ಕರು, ಇಬ್ಬರೂ ಹೆಸರಿನ ಧಾರಣಿ ಮಾತಾಡುತ್ತ ಕಟ್ಟೆಯ ಮೇಲೆ ಕುಳಿತರು. ಅದೇ ಹೊತ್ತು ಸಾಧಿಸಿ ನಮ್ಮ ಮನೆಯವರಿಗೆ ಉಂಡಿಯ ಸಂಗತಿ ಹೇಳಿದೆ. ತೂತಿಗೆ ನಕ್ಕವರು ಉಂಡಿಗೆ ನಗಲಿಲ್ಲ. ಸುಮ್ಮನೆ ಹೋಗಿ ಸೀಟಿನ ಕೆಳಗೆ ಕೈಹಾಕಿ ನೋಡಿ ಬಂದರು. ಕೈ ಜಂಗಿನಿಂದ ಕೆಂಪಾಗಿತ್ತು.

"ಅಪ್ಪಾ ಬರೂದ್ರಾಗ ಖಾದರಸಾಬಗ ತೋರಿಸಿ ಬರೂಣು ನಡಿ," ಎಂದರು. ಗಿರಿಜಾಳೂ ಕೂಸನ್ನೆತ್ತಿಕೊಂಡು ನನ್ನ ಜೊತೆ ನಡೆದು ಬಂದಳು.

ಖಾದರಸಾಬ ಸ್ಟೇಶನ್ ರಸ್ತೆಯಲ್ಲಿ ತಗಡು, ಪತ್ರಾಗಳ ಕೆಲಸ ಮಾಡುವ ಮಿಸ್ತ್ರಿ. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಜೀಪಿನ ಸುತ್ತ ಒಂದು ಸುತ್ತು ಹಾಕಿ, "ಏನ ಹೊಳಪು ಇಟ್ಟೀರಿ," ಅಂದ. ಆಮೇಲೆ ಗೋಣಿತಟ್ಟು ಹಾಸಿ ಕೆಳಗೆ ಮಲಗಿ, ಸಣ್ಣ ಸುತ್ತಿಗೆಯಿಂದ ಮುಂದಿನಿಂದ ಕುಟ್ಟುತ್ತ ಬಂದ. ಠಣ್, ಠಣ್, ಠಣ್. ಡ್ರೈವರ್ ಸೀಟು ದಾಟಿದ ಮೇಲೆ ಸಪ್ಪಳ ಬದಲಾಯಿತು. ಥಪ್. ಇನ್ನೊಂದು ಕಡೆ ಕುಟ್ಟಿದ. ಥಪ್. ಒದ್ದೆ ಗೋಡೆ ಕುಟ್ಟಿದ ಸಪ್ಪಳ. ಕೈಯಲ್ಲಿದ್ದ ಸುತ್ತಿಗೆ ಬಿಟ್ಟು ಸ್ಕ್ರೂಡ್ರೈವರ್ ತೆಗೆದುಕೊಂಡು ತಳವನ್ನು ಹೊತ್ತಿದ್ದ ಅಡ್ಡಪಟ್ಟಿಗೆ ಒತ್ತಿದ. ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆ ಜಗ್ಗಿದರೆ ಹಪ್ಪಳದಂಥ ತುಣುಕುಗಳು ಅವನ ಎದೆಯ ಮೇಲೆ ಉದುರಿದವು.

ಹೊರಗೆ ಬಂದವನು ಎದೆ ಝಾಡಿಸಿಕೊಳ್ಳುತ್ತ, ಒಂದು ತುಣುಕನ್ನು ಬೆರಳಿಂದ ಉಜ್ಜಿ ಆ ಬೆರಳನ್ನು ನಾಲಿಗೆಗೆ ಹಚ್ಚಿದ. ಉಗುಳಿದ.

"ಎಂಥಾ ನೀರಿನಾಗ ತೊಳಿತೀರಿ ಇದನ್ನ?"

"ಬಾವಿ ನೀರಿನಾಗ."

"ಸವಳು?"

ನಮ್ಮ ಮನೆಯವರು ಹೌದೆಂದು ಗೋಣು ಹಾಕಿದರು.

"ಎಷ್ಟು ದಿನಕ್ಕ ಒಮ್ಮೆ?"

"ಸೋಮವಾರಕ್ಕೊಮ್ಮೆ. ಹನ್ನೊಂದು ವರ್ಷ."

ಖಾದರಸಾಬ ಕೂಸಿನ ಕಡೆ ನೋಡಿದ, ಗಿರಿಜಾಳ ಕಡೆ ನೋಡಿದ. "ತೊಳೀದ ಹಾಂಗ ಬಿಟ್ಟಿದ್ರ ಇನ್ನೂ ಹತ್ತ ವರ್ಷ ಬಾಳತಿತ್ರಿ. ಉಪ್ಪು ನೀರು ಹಾಕೀರಿ, ಮ್ಯಾಲ ಜಮಖಾನ ಮುಚ್ಚಿ ಆರಗೊಡಲಿಲ್ಲ. ಒಳಗೊಳಗ ತಿಂದು ಬಿಟ್ಟೈತಿ ಜಂಗು. ಮ್ಯಾಲ ಥಳಕು, ಒಳಗ ಹುಳುಕು."

"ಈಗ ಪತ್ರಾ ಹಚ್ಚಾಕ ಬರೂದಿಲ್ಲೇನು?"

"ವೆಲ್ಡಿಂಗ ಹಿಡೀಲಿಕ್ಕೆ ಜೀವ ಇದ್ದ ಕಬ್ಬಿಣ ಬೇಕ್ರಿ. ಇದಕ್ಕ ಬೆಂಕಿ ಹಚ್ಚಿದ್ರ ತೂತ ಇನ್ನಷ್ಟು ದೊಡ್ಡದಾಗತೈತಿ. ಪೂರಾ ತಳ ತಗದು ಹೊಸದು ಕೂಡಿಸಬೇಕು, ಎಂಟ ದಿನದ ಕೆಲಸ. ಅಲ್ಲೀತನ ಮುಂದ ಇಬ್ಬರು ಕುಂತು ಸಾವಕಾಶ ಹೋಗ್ರಿ. ಹಿಂದ ಯಾರನ್ನೂ ಕುಂದರಸಬ್ಯಾಡ್ರಿ. ಅದ್ರಾಗ ಈ ಬಾಣಂತೀನ ಅಂತೂ ಬ್ಯಾಡ."

ಆ ಕೊನೆಯ ಮಾತಿಗೆ ಸರಿಯಾಗಿ ಮಾವನವರು ನಮ್ಮನ್ನು ಹುಡುಕಿಕೊಂಡು ಕೋಲೂರುತ್ತ ಬಂದರು. ಏನು ಎತ್ತ ಎಂದು ಕೇಳಿದರು. ಮಗ ಹೇಳಿದರು, ಆದರೆ ಸವಳು ನೀರಿನ ಮಾತು ಬಂದಾಗ ತಡವರಿಸಿದರು. ಖಾದರಸಾಬನೇ ಹೇಳಿಬಿಟ್ಟ. ಮಾವನವರ ಮುಖ ಕೆಂಪೇರಿತು.

"ಹನ್ನೊಂದು ವರ್ಷ ಈ ಕೈಲೆ ಮೈ ತೊಳದೀನಿ ಅದಕ್ಕ. ಅದರ ಮೈ ನನಗ ಗೊತ್ತಿಲ್ಲ, ಅರ್ಧಾ ತಾಸು ಕೆಳಗ ಮಲಗಿದ ಇವಗ ಗೊತ್ತೈತಿ? ತೊಳದ್ರ ಹಾಳಾಗತೈತಂತ ಯಾರರ ಹೇಳತಾರೇನು?" ಬಗ್ಗಿ ಜಮಖಾನವನ್ನು ಎಳೆದು ತಳದ ಮೇಲೆ ಸರಿಯಾಗಿ ಹಾಸಿದರು. ತೂತು ಮುಚ್ಚಿತು. "ಹತ್ತು ಗಿರಿಜಾ. ಚನಬಸಪ್ಪನ ಮಗಳು ಕೂಸು ಕಟಗೊಂಡು ಬಸ್ಸಿನ್ಯಾಗ ನೂಕಿಸಿಕೋತ ಬೀಗರ ಮನಿಗೆ ಹೋಗೂದಿಲ್ಲ. ಅಗದಿ ಗಟ್ಟಿ ಐತಿ ಗಾಡಿ."

ನಮ್ಮ ಮನೆಯವರು ನೆಲ ನೋಡಿದರು. ಅಪ್ಪನಿಗೆ ಎದುರಾಡಿದವರಲ್ಲ. ಗಿರಿಜಾ ಒಂದು ಕಾಲನ್ನು ಜೀಪಿನ ಮೆಟ್ಟಿಲ ಮೇಲೆ ಇಟ್ಟು, ಹತ್ತಲು ಅನುಕೂಲವಾಗಲೆಂದು ಕೂಸನ್ನು ನನ್ನ ಕೈಗೆ ಕೊಟ್ಟಳು. ಬೆಳಿಗ್ಗೆಯಿಂದ ಎರಡು ಸಲ ಬೇಡಿದ್ದ ಕೂಸು ಆಗ ನನ್ನ ಕೈಗೆ ಬಂತು. ಹಾಲಿನ ವಾಸನೆ, ಒದ್ದೆ ಕುಂಚಿಗೆ. ಯಾವುದಕ್ಕೆ ಹೆಚ್ಚು ಅಂಜಿದೆನೋ ಈಗಲೂ ಹೇಳಲಾರೆ, ಆ ತಳಕ್ಕೋ ಮಾವನವರಿಗೋ. ಎರಡು ಹೆಜ್ಜೆ ಹಿಂದೆ ಸರಿದೆ.

"ಮಾವಾರ," ಎಂದೆ. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಅವರ ಮುಖ ನೋಡಿ ಆಡಿದ ಮೊದಲ ಮಾತು ಅದು. "ನಾ ಅಂಜುಬುರುಕಿ. ನಿಮಗೂ ಗೊತ್ತೈತಿ, ಊರಿಗೂ ಗೊತ್ತೈತಿ. ನನಗ ಇದರಾಗ ಹತ್ತಾಕ ಆಗೂದಿಲ್ಲ. ಕೂಸನ್ನೂ ಹತ್ತಗೊಡೂದಿಲ್ಲ."

ಅವರು ನನ್ನ ಕಡೆ ನೋಡಲಿಲ್ಲ. ಮಗನಿಗೆ ಹೇಳಿದರು, "ಕೂಸನ್ನ ಅವರವ್ವನ ಕೈಗೆ ಕೊಡಂತ ನಿನ್ನ ಹೇಣ್ತಿಗೆ ಹೇಳು."

ಖಾದರಸಾಬ ಸುತ್ತಿಗೆ ಒರೆಸುತ್ತ ನಿಂತಿದ್ದ. ಗಿರಿಜಾ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಮೆಟ್ಟಿಲ ಮೇಲಿನ ಕಾಲು ಕೆಳಗಿಳಿಸಿದಳು.

"ವೈನಿ, ಹುಬ್ಬಳ್ಳಿ ಬಸ್ಸು ಎಷ್ಟಕ್ಕೈತಿ?" ಎಂದು ಕೇಳಿದಳು.

ಮಾವನವರು ಮುಂದಿನ ಸೀಟಿಗೆ ಹತ್ತಿ ಕುಳಿತರು. "ಹೋಗ್ಲಿ. ಇವರು ಬರೂದ್ರೊಳಗ ನಾವು ಮುಟ್ಟಿರ್ತೀವಿ," ಎಂದರು. ನಮ್ಮ ಮನೆಯವರು ಉಂಡಿಯ ಬುಟ್ಟಿಯನ್ನೂ ಹೊಸ ಜಮಖಾನವನ್ನೂ ಮಾತ್ರ ಹಿಂದಿಟ್ಟುಕೊಂಡು ಗಾಡಿ ಬಿಟ್ಟರು. ತಿರುವಿನಲ್ಲಿ ಒಮ್ಮೆ ನನ್ನತ್ತ ನೋಡಿದ್ದನ್ನು ಕಂಡೆ.

ಅಣ್ಣಿಗೇರಿಯಿಂದ ಹುಬ್ಬಳ್ಳಿ ಇಪ್ಪತ್ತು ಮೈಲಿಯ ಮೇಲೆ. ಬಸ್ಸು ಒಂದೂವರೆ ತಾಸು ತೆಗೆದುಕೊಂಡಿತು. ಒಬ್ಬ ಮುದುಕಿ ಕೂಸನ್ನು ಕಂಡು ತನ್ನ ಜಾಗ ಬಿಟ್ಟುಕೊಟ್ಟು, ಗಿರಿಜಾಳ ಕಾಲ ಹತ್ತಿರ ಚೀಲ ಹಾಕಿಕೊಂಡು ಕುಳಿತಳು. "ಎಲ್ಲಿಗವ್ವಾ, ಗಂಡನ ಮನಿಗೇನು? ಯಾರೂ ಕಳಸಾಕ ಬಂದಿಲ್ಲೇನು?" ಎಂದು ಕೇಳಿದಳು. ಗಿರಿಜಾಳ ಕಣ್ಣು ತುಂಬಿಕೊಂಡವು. ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆವು, ತಂದ ಮಿರ್ಚಿ ಭಜಿ ಪೊಟ್ಟಣದಲ್ಲೇ ಉಳಿಯಿತು. ಕೂಸಿಗೆ ಹಾಲು ಕುಡಿಸಲು ಹೆಂಗಸರ ಕೋಣೆಯಲ್ಲಿ ಜಾಗ ಸಿಗದೆ, ನಾನು ಸೆರಗು ಹಿಡಿದು ಮರೆ ಮಾಡಿ ನಿಂತೆ.

ಕಲಘಟಗಿ ಬಸ್ಸು ಹತ್ತಿದ ಮೇಲೆ ಮಳೆ ಜೋರಾಯಿತು. ನಮ್ಮ ಕಡೆಯ ಮಳೆಯಲ್ಲ ಅದು, ಒಮ್ಮೆ ಹಿಡಿದರೆ ಬಿಡದ ಮಳೆ. ಕರಿ ನೆಲ ಹಿಂದುಳಿದು ಕೆಂಪು ನೆಲ ಬಂತು, ಭತ್ತದ ಗದ್ದೆ ಬಂತು, ತಿರುವುಗಳು ಬಂದವು. ನಾನು ಕಿಟಕಿಗೆ ಮುಖ ಹಚ್ಚಿ ಪ್ರತಿ ತಿರುವಿನ ತಗ್ಗನ್ನೂ ನೋಡುತ್ತಿದ್ದೆ. ಎಲ್ಲಾದರೂ ಜೀಪಿನ ಹಸಿರು ಬಣ್ಣ ಕಂಡೀತೇನೋ ಎಂದು ಅಂಜುತ್ತಿದ್ದೆ. ಕೂಸನ್ನು ಇಳಿಸಿಕೊಂಡವಳು ಗಂಡನನ್ನು ಅದೇ ಗಾಡಿಯಲ್ಲಿ ಬಿಟ್ಟು ಬಂದಿದ್ದೆ. ಮುಂದೆ ಇಬ್ಬರು ಕುಳಿತು ಹೋಗಬಹುದೆಂದು ಖಾದರಸಾಬ ಹೇಳಿದ್ದ. ಹೇಳಿದ್ದ ಅಷ್ಟೇ. ಇನ್ನೊಂದು ಅಂಜಿಕೆಯೂ ಇತ್ತು, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಏನೂ ಆಗದೆ ಆ ಗಾಡಿ ನೆಟ್ಟಗೆ ಮುಟ್ಟಿಬಿಟ್ಟರೆ ನನ್ನ ಗತಿಯೇನು ಎಂದೂ ಯೋಚಿಸಿದೆ.

ಹಾಗೆಯೇ ಆಯಿತು. ಬೀಗರ ಮನೆಯ ಅಂಗಳದಲ್ಲಿ ಜೀಪು ಮಳೆಗೆ ಮಿಂಚುತ್ತ ನಿಂತಿತ್ತು. ಒಳಗೆ ಪಡಸಾಲೆಯಲ್ಲಿ ಮಾವನವರು ಬೀಗರ ಜೊತೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು. ನಾವು ತೊಯ್ದ ಸೀರೆಯಲ್ಲಿ ಹೊಸ್ತಿಲು ದಾಟಿದಾಗ ಹಳ್ಳದ ಕತೆಯ ಕೊನೆ ನಡೆದಿತ್ತು. "ನೀರು ಹರಡಿಗೂ ಬರತಿರಲಿಲ್ಲ ನೋಡ್ರಿ," ಎಂದರು. ಬೀಗರು ನಕ್ಕರು. ಗಿರಿಜಾಳ ಅತ್ತೆ ಕೂಸನ್ನು ಎತ್ತಿಕೊಂಡು, "ಮನಿ ಗಾಡಿ ಇದ್ದೂ ಕೂಸನ್ನ ಮಳಿಯಾಗ ಬಸ್ಸಿನ್ಯಾಗ ತಂದ್ರೇನವಾ?" ಎಂದರು. ಕೂಸು ಎರಡು ಸಲ ಸೀನಿತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಎರಡು ದಿನ ಅಲ್ಲಿದ್ದೆವು. ಊಟ, ಉಪಚಾರ ಎಲ್ಲ ಚೆನ್ನಾಗಿಯೇ ನಡೆಯಿತು. ಕೆಂಪಕ್ಕಿ ಅನ್ನ, ಕಳಲೆ ಪಲ್ಯ, ನಾವು ಒಯ್ದ ಉಂಡಿ. ಹೊಸ ಜಮಖಾನವನ್ನು ಹಾಸಿ ಕೂಸನ್ನು ಅದರ ಮೇಲೆ ಬಿಟ್ಟಾಗ ನವಿಲನ್ನು ಹಿಡಿಯಲು ಕೈಚಾಚಿತು. ಮಾವನವರು ಮಗನ ಮೂಲಕವೂ ನನಗೆ ಏನೂ ಹೇಳಿ ಕಳಿಸಲಿಲ್ಲ. ನಮ್ಮ ಮನೆಯವರನ್ನು ಕೇಳಿದೆ, ದಾರಿಯಲ್ಲಿ ಏನೂ ಆಗಲಿಲ್ಲವೇ ಎಂದು. "ಹಿಂದ ಭಾಳ ಸಪ್ಪಳ ಬರತಿತ್ತು. ಅಪ್ಪಾ ಹಿಂದಕ್ಕ ತಿರುಗಿ ನೋಡಲೇ ಇಲ್ಲ," ಎಂದರು. ತಿರುಗಿ ಹೋಗುವಾಗ ನಾನು ಆ ಸೀಟಿನಲ್ಲೇ ಕೂರಬೇಕಿತ್ತು. ಕೂಸನ್ನು ಮುಂದಿಟ್ಟುಕೊಂಡು ಒಂದು ಸಲ ಎದುರಾಡಿದ್ದೆ, ನನ್ನೊಬ್ಬಳಿಗಾಗಿ ಎರಡನೆಯ ಸಲ ಎದುರಾಡುವ ಧೈರ್ಯ ನನಗಿರಲಿಲ್ಲ. ಕೂರುವುದೆಂದು ಗಟ್ಟಿ ಮಾಡಿಕೊಂಡೆ. ಉಂಡ ಅನ್ನ ಮೈಗೆ ಹತ್ತಲಿಲ್ಲ. ಊರಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದ ನನ್ನ ಇಬ್ಬರು ಮಕ್ಕಳ ಮುಖ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಹೊರಟೆವು. ನನಗೆ ಉಡಿ ತುಂಬಿದರು. ಗಿರಿಜಾ ಕೂಸನ್ನು ಟೊಂಕದ ಮೇಲಿಟ್ಟುಕೊಂಡು ಬಾಗಿಲಲ್ಲಿ ಬಂದು ನಿಂತಳು. ಬೀಗರು ತಮ್ಮ ಗದ್ದೆಯ ಹಳೆ ಅಕ್ಕಿ ಒಂದು ಚೀಲ ಕೊಡದೆ ಬಿಡುವವರಲ್ಲ. "ಹಿಂದಿನ ಸೀಟು ಖಾಲಿನ ಐತಲ್ರಿ," ಎಂದು ಇಬ್ಬರು ಆಳುಗಳಿಗೆ ಹೇಳಿ ಚೀಲ ಹೊರಿಸಿದರು. ಅವರು ಅದನ್ನು ಗಿರಿಜಾ ಕುಳಿತಿದ್ದ ಸೀಟಿನ ಮೇಲೆ ಇಳಿಸಿದರು.

ಠಣ್ ಅನ್ನಲಿಲ್ಲ. ಥಪ್ ಅಂದಿತು. ಸೀಟಿನ ಕಾಲುಗಳು ಜಮಖಾನ ಸಮೇತ ಕೆಳಗೆ ಇಳಿದವು, ಸೀಟು ಇಳಿಯಿತು, ಚೀಲ ಇಳಿಯಿತು. ಗಾಡಿ ಇನ್ನೂ ಚಾಲೂ ಕೂಡ ಆಗಿರಲಿಲ್ಲ. ಚೀಲದ ಬಾಯಿ ಬಿಚ್ಚಿ ಬೀಗರ ಅಂಗಳದಲ್ಲಿ ಅಕ್ಕಿ ಹರಡಿತು. ಆಳುಗಳು ಹಿಂದೆ ಜಿಗಿದರು. ಅಮೀನಾಬಿಯ ತಾಯಿ ನೇಯ್ದ ಜಮಖಾನ ಆ ಬಿಲದಲ್ಲಿ ಅರ್ಧ ಜೋತಾಡುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ನಾನು ಕೂಸನ್ನು ನೋಡಿದೆ. ಅದು ಅವರವ್ವನ ಕೊರಳ ಸರ ಹಿಡಿದು ಆಡುತ್ತಿತ್ತು.

ಮಾವನವರು ಕೋಲನ್ನು ಗಾಡಿಗೆ ಆನಿಸಿಟ್ಟು, ಬಿಳಿ ಧೋತರದಲ್ಲೇ ಆ ಕೆಸರಿನ ಮೇಲೆ ಮೊಣಕಾಲೂರಿದರು. ಬೀಗರು, "ಬಿಡ್ರಿ, ಬಿಡ್ರಿ," ಎಂದರೂ ಕೇಳಲಿಲ್ಲ. ಕೈಹಾಕಿ ತಳದ ಅಂಚನ್ನು ಮುರಿದರು. ಮುರಿಯಲು ಬಲವೇ ಬೇಕಾಗಲಿಲ್ಲ. ಒಂದು ತುಣುಕನ್ನು ಬೆರಳಿಂದ ಉಜ್ಜಿ, ಖಾದರಸಾಬ ಮಾಡಿದ ಹಾಗೆಯೇ ನಾಲಿಗೆಗೆ ಹಚ್ಚಿದರು. ಅವನು ಹಾಗೆ ಮಾಡಿದ್ದನ್ನು ಅವರು ನೋಡಿರಲಿಲ್ಲ.

"ಉಪ್ಪು," ಎಂದರು. "ಸೋಮವಾರಕ್ಕೊಮ್ಮೆ ನಾನ ಉಣ್ಣಿಸೀನಿ."

ಎದ್ದ ಮೇಲೆ ಗಿರಿಜಾಳ ಹತ್ತಿರ ಹೋಗಿ ಕೂಸಿಗೆ ಕೈಚಾಚಿದರು. ಆಮೇಲೆ ಕೈಗೆ ಹತ್ತಿದ ಕಂದು ನೋಡಿಕೊಂಡು ಕೈ ಹಿಂದೆ ತೆಗೆದರು. ಬಾವಿಕಟ್ಟೆಗೆ ಹೋಗಿ ಎರಡೂ ಕೈ ತೊಳೆದು ಬಂದರು. ಕಲಘಟಗಿಯ ಬಾವಿ ಸಿಹಿನೀರಿನದು. ಕೂಸನ್ನು ಎತ್ತಿಕೊಂಡು, ಅದರ ನೆತ್ತಿಗೆ ಗಲ್ಲ ಹಚ್ಚಿ ನಿಂತರು. ಅವರ ಗದ್ದ ನಡುಗುತ್ತಿತ್ತು. ಅವರಿಗೂ ಅಂಜಿಕೆಯಾಗುತ್ತದೆಂದು ನಾನು ಅಂದು ಮೊದಲ ಸಲ ಕಂಡೆ, ನನಗೆ ಗೆದ್ದೆನೆಂದು ಅನ್ನಿಸಲೇ ಇಲ್ಲ.

ಜೀಪನ್ನು ಬೀಗರ ಅಂಗಳದಲ್ಲೇ ಬಿಟ್ಟು ನಾವು ಮೂವರು ಹತ್ತೂವರೆಯ ಬಸ್ಸಿಗೆ ಹೋದೆವು. ಬಸ್ಸು ಅರ್ಧ ಖಾಲಿ ಇತ್ತು. ನಮ್ಮ ಮನೆಯವರು ಮುಂದೆ ಹೋಗಿ ಟಿಕೆಟು ತೆಗೆಸುತ್ತಿದ್ದರು. ಮಾವನವರು ಹತ್ತಿದವರು ಕೂರಲಿಲ್ಲ. ಕೋಲಿನ ತುದಿಯಿಂದ ಬಸ್ಸಿನ ತಳ ಕುಟ್ಟಿದರು. ಒಂದು ಸೀಟು ಮುಂದೆ ಹೋಗಿ ಮತ್ತೆ ಕುಟ್ಟಿದರು, ಕಿವಿಗೊಟ್ಟು ಕೇಳಿದರು. ಇನ್ನೊಂದು ಸೀಟು.

"ಯಜಮಾನ್ರ, ಏನ ಕಳಕೊಂಡೀರಿ?" ಎಂದು ಕಂಡಕ್ಟರ ಕೇಳಿದ. ಕುಳಿತಿದ್ದವರು ನಕ್ಕರು. ಮಾವನವರು ಎಡಗಡೆಯ ನಾಲ್ಕನೆಯ ಸೀಟಿನ ಮುಂದೆ ಮೂರು ಸಲ ಕುಟ್ಟಿ, ನನ್ನ ಕಡೆ ತಿರುಗಿ ನೇರ ನನ್ನನ್ನೇ ನೋಡಿದರು.

"ಶಾಂತವ್ವ, ಇಲ್ಲೆ ಕುಂದರು. ಇಲ್ಲೆ ಗಟ್ಟಿ ಐತಿ," ಎಂದರು.

ನಾನು ಕುಳಿತೆ. ಅವರು ಎದುರುಗಡೆಯ ಸೀಟಿನಲ್ಲಿ ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕುಳಿತರು. ಅಲ್ಲಿ ಅವರು ಕುಟ್ಟಿ ನೋಡಲಿಲ್ಲ.